ತಾಜ್ ಮಹಲ್ ನೋಡಲು ಹೊರಟವರ ಮಧ್ಯಾಹ್ನವನ್ನೇ ಕದಿಯುತ್ತಾರೆ, ಎಚ್ಚರ

ದೆಹಲಿಯಿಂದ ಬಾಡಿಗೆ ಕಾರಿನಲ್ಲಿ ಆಗ್ರಾಕ್ಕೆ ಹೊರಡುವವರು, ಅದರಲ್ಲೂ ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವವರು, ದಯವಿಟ್ಟು ಇದನ್ನು ಓದಿಯೇ ಹೊರಡಿ.

ಡಿಸೆಂಬರಿನ ಒಂದು ಗುರುವಾರ ನಾವು ಹೋದೆವು. ಶುಕ್ರವಾರ ತಾಜ್ ಮಹಲ್‌ಗೆ ರಜೆ, ಶನಿವಾರ ನಮಗೆ ಊರಿನ ರೈಲು. ಇದೆಲ್ಲ ಚಾಲಕನಿಗೂ ಚೆನ್ನಾಗಿ ಗೊತ್ತಿತ್ತು. ಯಮುನಾ ಎಕ್ಸ್‌ಪ್ರೆಸ್‌ವೇ ಮುಗಿದು ಊರು ಸೇರುತ್ತಿದ್ದಂತೆ ಅವನು ಕಾರು ನಿಲ್ಲಿಸಿ, ಮುಂದಿನ ಸೀಟಿಗೆ ಒಬ್ಬ 'ಗೈಡ್'ನನ್ನು ಹತ್ತಿಸಿಕೊಂಡ. ಕೊರಳಲ್ಲಿ ಗುರುತಿನ ಚೀಟಿಯಂಥದ್ದು ತೂಗುತ್ತಿತ್ತು, ಆದರೆ ಅದರ ಮುಖ ಅಂಗಿಯ ಕಡೆಗಿತ್ತು. "ನಮಸ್ಕಾರ, ಚೆನ್ನಾಗಿದ್ದೀರಾ?" ಎಂದು ಅವನು ಕನ್ನಡದಲ್ಲಿ ಕೇಳಿದಾಗ ಅಮ್ಮನ ಮುಖ ಅರಳಿತು. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ.

ತಾಜ್‌ನಲ್ಲಿ ಈಗ ಮೂರು ಗಂಟೆಯ ಸಾಲಿದೆ, ನಾಲ್ಕರ ಮೇಲೆ ಖಾಲಿಯಾಗುತ್ತದೆ, ಅಲ್ಲಿಯವರೆಗೆ ಸರ್ಕಾರಿ ಕರಕುಶಲ ಕೇಂದ್ರ ನೋಡಿ ಎಂದ. ನಾವು ಮತ್ತೆ ಮತ್ತೆ ಬೇಡವೆಂದರೂ ಕಾರು ಹೋಗಿ ನಿಂತದ್ದು ಅಲ್ಲಿಯೇ. ಬಾಗಿಲಲ್ಲಿದ್ದವನು ಮೊದಲು ಕಾರಿನ ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡ, ಆಮೇಲೆ ನಮಗೆ ಕೈಮುಗಿದ. ಯಾರ ಕಮಿಷನ್ ಎಲ್ಲಿಗೆ ಸೇರಬೇಕೆಂಬ ಲೆಕ್ಕ ಅದು. ಒಳಗೆ ಚಹಾ, ಬಣ್ಣದ ಕಲ್ಲುಗಳನ್ನು ಕೂರಿಸುವ ಪಚ್ಚೀಕಾರಿಯ ಪ್ರದರ್ಶನ, "ನಾವು ತಾಜ್ ಕಟ್ಟಿದವರ ವಂಶಸ್ಥರು" ಎಂಬ ಮಾತು. ತಾಜ್ ಕಟ್ಟಲು ಬಳಸಿದ ಮಕ್ರಾನಾ ಅಮೃತಶಿಲೆ ಎಂದು ಅಪ್ಪನಿಗೆ ಮಾರಿದ ಪೆಟ್ಟಿಗೆಯ ಮೇಲೆ ಉಗುರಿನಿಂದಲೇ ಗೀರು ಬೀಳುತ್ತದೆ. ಅಮೃತಶಿಲೆಯ ಮೇಲೆ ಹಾಗೆ ಬೀಳುವುದಿಲ್ಲ. ಅದು ಮೆದುವಾದ ಬಳಪದ ಕಲ್ಲು. ಹಾಳಾಗಲಿ, ಹಣ ಹೋದರೆ ಹೋಯಿತು.

ನನ್ನ ಹೊಟ್ಟೆ ಉರಿಯುವುದು ಹೋದ ಹೊತ್ತಿಗಾಗಿ. ಹೊರಗೆ ಬಂದರೆ ಚಾಲಕನಿಲ್ಲ, ಅವನ ಮೊಬೈಲ್ ಸ್ವಿಚ್ ಆಫ್. ಅವನು ಬಂದ ಮೇಲೆ ಮತ್ತೊಂದು ಅಂಗಡಿ. ತಾಜ್ ಮಹಲ್ ಸೂರ್ಯೋದಯಕ್ಕೆ 30 ನಿಮಿಷ ಮೊದಲು ತೆರೆದು, ಸೂರ್ಯಾಸ್ತಕ್ಕೆ 30 ನಿಮಿಷ ಮೊದಲು ಮುಚ್ಚುತ್ತದೆ. ಟಿಕೆಟ್ ಕೌಂಟರ್ ಮುಚ್ಚುವುದು ಇನ್ನೂ ಮೊದಲು, ಸೂರ್ಯಾಸ್ತಕ್ಕೆ 45 ನಿಮಿಷ ಇರುವಾಗ. ಚಳಿಗಾಲದಲ್ಲಿ ಆ ಹೊತ್ತು ಐದು ಗಂಟೆಗೂ ಮುಂಚೆಯೇ ಬಂದುಬಿಡುತ್ತದೆ. ನಾವು ಪೂರ್ವ ದ್ವಾರದ ಕಡೆ ವಾಹನ ನಿಲ್ಲಿಸುವ ಜಾಗವಾದ ಶಿಲ್ಪಗ್ರಾಮ ಮುಟ್ಟಿದಾಗ ಕೌಂಟರ್ ಮುಚ್ಚಿತ್ತು. ಆಗ ಆ ಗೈಡ್, ಹೋಟೆಲೊಂದರ ತಾರಸಿಯಿಂದ ತೋರಿಸುತ್ತೇನೆ ಎಂದು ಬೇರೆ ಹಣ ಕೇಳಿದ! ಮಂಡಿನೋವಿನಲ್ಲೂ ಹುಮ್ಮಸ್ಸಿನಿಂದ ಹೊರಟಿದ್ದ ಅಮ್ಮ ಏನೂ ಹೇಳದೆ ಕಾರಿನಲ್ಲಿ ಕುಳಿತುಬಿಟ್ಟರು. ಇದನ್ನು ನಾನು ಕ್ಷಮಿಸಲಾರೆ.

ಸಾಧ್ಯವಿದ್ದರೆ ಕಾರಿನ ಗೊಡವೆಯೇ ಬೇಡ. ದೆಹಲಿಯ ಹಜ್ರತ್ ನಿಜಾಮುದ್ದೀನ್ ನಿಲ್ದಾಣದಿಂದ ಬೆಳಿಗ್ಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ಸುಮಾರು 100 ನಿಮಿಷಗಳಲ್ಲಿ ಆಗ್ರಾ ಕ್ಯಾಂಟ್ ತಲುಪಿಸುತ್ತದೆ. ಶುಕ್ರವಾರ ಅದು ಓಡುವುದಿಲ್ಲ. ಕಾರೇ ಬೇಕಾದರೆ, ನೇರವಾಗಿ ತಾಜ್‌ಗೆ, ನಡುವೆ ಎಲ್ಲೂ ಅಂಗಡಿಯಿಲ್ಲ ಎಂದು ಬರಹದಲ್ಲಿ ಒಪ್ಪಿಸಿಕೊಳ್ಳಿ, ಬಾಕಿ ಹಣವನ್ನು ದೆಹಲಿಗೆ ಮರಳಿದ ಮೇಲೆ ಕೊಡಿ. ದಾರಿಯಲ್ಲಿ ಯಾರನ್ನೂ ಹತ್ತಿಸಿಕೊಳ್ಳಲು ಬಿಡಬೇಡಿ. ಟಿಕೆಟನ್ನು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಜಾಲತಾಣದಲ್ಲಿ ಮೊದಲೇ ಕೊಳ್ಳಬಹುದು. ಭಾರತೀಯರಿಗೆ 50 ರೂಪಾಯಿ, ಮುಖ್ಯ ಗೋರಿಯ ಒಳಗೆ ಹೋಗಲು ಇನ್ನೂ 200. ಪೆಟ್ರೋಲ್, ಡೀಸೆಲ್ ವಾಹನಗಳು ಸ್ಮಾರಕದ ಹತ್ತಿರಕ್ಕೆ ಹೋಗುವಂತಿಲ್ಲ. ಶಿಲ್ಪಗ್ರಾಮದಿಂದ ವಿದ್ಯುತ್ ಗಾಡಿಗಳಿವೆ, ನಡೆಯಲಾಗದವರಿಗೆ ಅವೇ ಸಾಕು. ಗೈಡ್ ಬೇಕೆನಿಸಿದರೆ ಪರವಾನಗಿಯ ಚೀಟಿಯನ್ನು ಕೈಗೆ ತೆಗೆದುಕೊಂಡು, ಫೋಟೊ ಮತ್ತು ಅವಧಿ ನೋಡಿ.

ಕಾರು ಬಲವಂತವಾಗಿ ಅಂಗಡಿಯ ಮುಂದೆ ನಿಂತರೆ, ಅಲ್ಲಿಂದಲೇ ಪ್ರವಾಸೋದ್ಯಮ ಸಚಿವಾಲಯದ 1363 ಸಹಾಯವಾಣಿಗೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ. ಹಿಂದಿ, ಇಂಗ್ಲಿಷ್‌ನಲ್ಲಿ ಮಾತನಾಡಬಹುದು, ಕನ್ನಡದಲ್ಲಿ ಆಗದು. ಹಾಗಾಗಿ ಹಿರಿಯರನ್ನೇ ಕಳುಹಿಸುವುದಾದರೆ ಕಾರಿನ ನಂಬರನ್ನು ನೀವು ಇಟ್ಟುಕೊಂಡು, ಇಲ್ಲಿಂದಲೇ ಕರೆ ಮಾಡಲು ಸಿದ್ಧರಾಗಿರಿ.