ಕ್ವಾಡ್ರಾಟ್, ಐನ್ಯಾಚುರಲಿಸ್ಟ್, ಇ-ಬರ್ಡ್: ಇಕಾಲಜಿ ಕ್ಲಾಸಿಗೆ ಯಾವುದು ಮೊದಲು?

ಬಿ.ಎಸ್ಸಿ ಮಕ್ಕಳ ಇಕಾಲಜಿ ಪ್ರಾಕ್ಟಿಕಲ್‌ಗೆ ಈ ಮೂರನ್ನೂ ಬಳಸಿ ನೋಡಿದ್ದೇನೆ: ನೆಲದ ಮೇಲೆ ಚೌಕ ಗುರುತಿಸಿ ಒಳಗಿನ ಗಿಡ ಎಣಿಸುವ ಕ್ವಾಡ್ರಾಟ್, ಗಿಡ-ಪ್ರಾಣಿಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್ ಆ್ಯಪ್, ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇ-ಬರ್ಡ್. ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. 'ಈ ಜಾಗದಲ್ಲಿ ಆ ಗಿಡ ಇಲ್ಲ' ಅನ್ನುವುದೂ ಮಾಹಿತಿಯೇ ಎಂದು ಯಾವುದು ಬೇಗ ಕಲಿಸುತ್ತದೆ?

ಆಸಕ್ತಿ ಹುಟ್ಟಿಸುವುದರಲ್ಲಿ ಐನ್ಯಾಚುರಲಿಸ್ಟ್ ಮುಂದೆ. ಫೋಟೋ ಹಾಕಿದರೆ ಆ್ಯಪ್ ಹೆಸರು ಸೂಚಿಸುತ್ತದೆ, ಆಮೇಲೆ ಬಲ್ಲವರು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಆದರೆ ಎಲ್ಲರೂ ಹೂವು, ಚಿಟ್ಟೆಯ ಹಿಂದೆಯೇ ಹೋಗುತ್ತಾರೆ. ಮೈದಾನದ ತುಂಬ ಹಬ್ಬಿರುವ ಗರಿಕೆಯನ್ನು ಯಾರು ಫೋಟೋ ತೆಗೆಯುತ್ತಾರೆ? ಆ ಪಟ್ಟಿಯಿಂದ ಶಾನನ್ ಸೂಚ್ಯಂಕ (ಪ್ರಭೇದಗಳ ವೈವಿಧ್ಯದ ಅಳತೆ) ಲೆಕ್ಕ ಹಾಕಿಸುವುದು ನನಗಂತೂ ಒಪ್ಪಿಗೆಯಿಲ್ಲ. ಹೆಸರು ಕಲಿಯಲು ಚೆನ್ನ, ಎಣಿಕೆಗೆ ಬೇಡ.

ಇ-ಬರ್ಡ್ ಇದಕ್ಕಿಂತ ಶಿಸ್ತಿನದು. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2002ರಿಂದ ನಡೆಸುತ್ತಿದೆ. ಎಷ್ಟು ಹೊತ್ತು, ಎಷ್ಟು ದೂರ, ಎಷ್ಟು ಹಕ್ಕಿ ಎಂದು ಕೇಳುತ್ತದೆ. ಕೊನೆಗೆ, ಗುರುತಿಸಲು ಸಾಧ್ಯವಾದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂದೂ ಕೇಳುತ್ತದೆ. 'ಹೌದು' ಅಂದರೆ ಪಟ್ಟಿಯಲ್ಲಿ ಇಲ್ಲದ್ದಕ್ಕೂ ಅರ್ಥ ಬರುತ್ತದೆ. ತೊಡಕು ಇರುವುದು ಹಕ್ಕಿಯಲ್ಲೇ. ಗೊರವಂಕ, ಕಾಗೆ ಬಿಟ್ಟರೆ ಬೇರೆ ಗೊತ್ತಿಲ್ಲದ ಹುಡುಗ ಏನು ಬರೆದಾನು? ಬೈನಾಕ್ಯುಲರ್ ಕೂಡ ಎಲ್ಲರಿಗೂ ಸಾಲುವುದಿಲ್ಲ.

ಹಾಗಾಗಿ ನನ್ನ ಆಯ್ಕೆ ಕ್ವಾಡ್ರಾಟ್. ನಾಲ್ಕು ಗೂಟ, ಹುರಿ, ಅಳತೆ ಟೇಪು ಇದ್ದರೆ ಒಂದು ಮೀಟರಿನ ಚೌಕ ಸಿದ್ಧ. ಚೌಕದ ಜಾಗ ಆರಿಸಲು ಗೂಟ ಎಸೆಯಲು ಮಾತ್ರ ಬಿಡಬೇಡಿ. ಕಣ್ಣು ಮುಚ್ಚಿದರೂ ಕೈ ಮುಳ್ಳಿಲ್ಲದ ಕಡೆಗೇ ಹೋಗುತ್ತದೆ. ಮೈದಾನದ ಎರಡು ಅಂಚಿಗೆ ಟೇಪು ಹಾಸಿ, ಯಾದೃಚ್ಛಿಕ (ರ್‍ಯಾಂಡಮ್) ಸಂಖ್ಯೆಗಳಿಂದ ಜಾಗ ಆರಿಸಿ. ಗರಿಕೆಯಲ್ಲಿ ಒಂದು ಗಿಡ ಎಲ್ಲಿ ಮುಗಿಯಿತು ಎಂದು ಹೇಳಲಾಗದು, ಅಲ್ವಾ? ಅದಕ್ಕೆ ಹುರಿಯಿಂದಲೇ ಹತ್ತು ಸೆಂಟಿಮೀಟರಿನ 100 ಮನೆ ಮಾಡಿ, ಎಷ್ಟು ಮನೆಯಲ್ಲಿ ಹರಡಿದೆ ನೋಡಿಸುತ್ತೇನೆ. ತುಂಬೆ, ನೆಲನೆಲ್ಲಿ, ಕಾಂಗ್ರೆಸ್ ಗಿಡವನ್ನು ಒಂದೊಂದಾಗಿ ಎಣಿಸಬಹುದು. ಸಿಗದ ಕಡೆ ಸೊನ್ನೆ ಬರೆಯಲೇಬೇಕು, ಖಾಲಿ ಬಿಡುವ ಹಾಗಿಲ್ಲ. ಈ ಸೊನ್ನೆಗಳಿಂದಲೇ ಕಾಂಗ್ರೆಸ್ ಗಿಡ ದಾರಿಯ ಪಕ್ಕ ಗುಂಪಾಗಿದೆಯೋ, ಮೈದಾನದ ತುಂಬ ಇದೆಯೋ ಎಂದು ತಿಳಿಯುವುದು.

ಬೆನ್ನು ನೋಯುತ್ತದೆ, ಹೊತ್ತು ಜಾಸ್ತಿ ಹಿಡಿಯುತ್ತದೆ, ನಿಜ. 'ಎಷ್ಟು ಚೌಕ ಸಾಕು ಮೇಡಂ?' ಎಂದು ಕೇಳಿಯೇ ಕೇಳುತ್ತಾರೆ. ಒಂದೊಂದು ಚೌಕ ಮುಗಿದಾಗಲೂ ಅಲ್ಲಿಯವರೆಗೆ ಸಿಕ್ಕ ಒಟ್ಟು ಪ್ರಭೇದಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಲು ಹೇಳುತ್ತೇನೆ. ಗೆರೆ ಏರುತ್ತಿದ್ದರೆ ಇನ್ನೂ ಚೌಕ ಬೇಕು. ಮಟ್ಟಸವಾದರೆ ಅವರೇ ಎದ್ದು ಬರಬಹುದು.