ಹಿಂಗಾರಿ ಜೋಳಕ್ಕೆ ಬೆಳೆ ವಿಮೆ: ಕಟ್ಟುವುದು ಲಾಭವೇ?

ಕಪ್ಪು ಮಣ್ಣು ಹಿಡಿದಿಟ್ಟ ತೇವವನ್ನೇ ನಂಬಿ ಹಿಂಗಾರಿಯಲ್ಲಿ ಬಿಳಿಜೋಳ ಬಿತ್ತುವ ಕಲಬುರಗಿ ಭಾಗದ ರೈತರಿಗೆ, 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ಮುಖ್ಯ ಆಕರ್ಷಣೆಯೆಂದರೆ ಕಡಿಮೆ ವಿಮಾ ಕಂತು: ರೈತರು ವಿಮಾ ಮೊತ್ತದ ಶೇ 1.5ರಷ್ಟನ್ನು (ಮುಂಗಾರಿಗೆ ಶೇ 2) ಮಾತ್ರ ಕಟ್ಟಿದರೆ ಸಾಕು, ಉಳಿದದ್ದನ್ನು ಸರ್ಕಾರಗಳು ಭರಿಸುತ್ತವೆ. 2020ರ ಮುಂಗಾರಿನಿಂದ ಬೆಳೆಸಾಲ ಪಡೆದವರಿಗೂ ಇದು ಕಡ್ಡಾಯವಲ್ಲವಾದ್ದರಿಂದ, ಈಗ ನೋಂದಾಯಿಸುವವರು ಬಹುಮಟ್ಟಿಗೆ ಲೆಕ್ಕ ಹಾಕಿಯೇ ಬರುತ್ತಾರೆ. ಬೆಳೆ ಕೈಕೊಟ್ಟ ವರ್ಷ ಸಾಲ ತೀರಿಸುವ ಚಿಂತೆಯೇ ಆ ಲೆಕ್ಕದ ತಿರುಳು ಎಂಬುದು ನನ್ನ ಅಭಿಪ್ರಾಯ. ಆದರೆ ಇಳುವರಿ ನಷ್ಟವನ್ನು ಗ್ರಾಮ ಪಂಚಾಯಿತಿ ಅಥವಾ ಹೋಬಳಿ ಮಟ್ಟದ ಬೆಳೆ ಕಟಾವು ಪ್ರಯೋಗಗಳ (ಆಯ್ದ ಹೊಲಗಳಲ್ಲಿ ಬೆಳೆ ಕೊಯ್ದು ಇಳುವರಿ ಅಳೆಯುವುದು) ಸರಾಸರಿಯಿಂದ ನಿರ್ಧರಿಸುವುದರಿಂದ, ನಿಮ್ಮ ಹೊಲವೊಂದೇ ಒಣಗಿದರೆ ಪರಿಹಾರ ದೊರೆಯದು; ಇದೇ ಈ ಯೋಜನೆಯ ದೊಡ್ಡ ಕೊರತೆ. ಆಲಿಕಲ್ಲು ಮಳೆಯಂತಹ ಸ್ಥಳೀಯ ಹಾನಿಗೆ ಹೊಲವಾರು ಸಮೀಕ್ಷೆ ಇದೆಯಾದರೂ, 72 ಗಂಟೆಗಳೊಳಗೆ ಮಾಹಿತಿ ನೀಡಬೇಕು.