ಮನೆ ಸರ್ವರ್‌ಗೆ ಬ್ಯಾಕಪ್: ಆರ್‌ಸಿಂಕ್, ಝಡ್‌ಎಫ್‌ಎಸ್ ಸೆಂಡ್, ಆರ್‌ಕ್ಲೋನ್, ರೆಸ್ಟಿಕ್

ಮನೆ ಸರ್ವರ್‌ನ ಕಡತಗಳಿಗೆ ಬ್ಯಾಕಪ್ ಪ್ರತಿ ಇಡುವ ನಾಲ್ಕು ಸಾಧನಗಳ ಹೋಲಿಕೆ ಇದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ರೆಸ್ಟಿಕ್ ಕಡೆಗೆ. ಬ್ಯಾಕಪ್ ಇಡುವುದು ಎರಡು ಯುಎಸ್‌ಬಿ ಡಿಸ್ಕ್‌ನಲ್ಲಿ, ಅದರಲ್ಲಿ ಒಂದು ಸದಾ ಬೇರೆ ಮನೆಯಲ್ಲಿ. ಉಳಿದ ಮೂರನ್ನೂ ಇದೇ ಸರ್ವರ್ ಮೇಲೆ ಓಡಿಸಿ ನೋಡಿಯೇ ಇದನ್ನು ಬರೆಯುತ್ತಿರುವುದು. ಸರ್ವರ್ ಎಂದರೆ ಡೆಬಿಯನ್ ಲಿನಕ್ಸ್ ಹಾಕಿದ ಚಿಕ್ಕ ಪಿಸಿ, 4 ಟಿಬಿಯ ಎರಡು ಡಿಸ್ಕ್‌ಗಳ ಝಡ್‌ಎಫ್‌ಎಸ್ ಮಿರರ್ (ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಎಲ್ಲವನ್ನೂ ಎರಡೂ ಡಿಸ್ಕ್‌ಗೆ ಒಟ್ಟಿಗೇ ಬರೆಯುತ್ತದೆ). ಒಳಗೆ ಸುಮಾರು 1.5 ಟಿಬಿ: ಫೋಟೊ, ವಿಡಿಯೊ, ಸ್ಕ್ಯಾನ್ ಮಾಡಿಟ್ಟ ಪಹಣಿ, ಖಾತೆ ಪತ್ರಗಳು. ಮಿರರ್ ಇದೆಯಲ್ಲ, ಮತ್ತೇಕೆ ಬ್ಯಾಕಪ್ ಎಂದು ಕೇಳುವವರು ಇದ್ದಾರೆ. ಒಂದು ಫೋಲ್ಡರ್ ಕೈತಪ್ಪಿ ಅಳಿಸಿದರೆ ಅದು ಎರಡೂ ಡಿಸ್ಕ್‌ನಿಂದ ಒಂದೇ ಕ್ಷಣದಲ್ಲಿ ಹೋಗುತ್ತದೆ. ಮಿರರ್ ಕಾಯುವುದು ಡಿಸ್ಕ್ ಕೆಟ್ಟಾಗ ಮಾತ್ರ.

ಒಂದು ಫೋಲ್ಡರನ್ನು ಇನ್ನೊಂದು ಡಿಸ್ಕ್‌ಗೆ ನಕಲು ಮಾಡುವ ಆರ್‌ಸಿಂಕ್ ಎಲ್ಲರೂ ಮೊದಲು ಹಿಡಿಯುವ ದಾರಿ. ಕಲಿಯುವುದು ಸುಲಭ, ಪ್ರತಿ ಕಡತವೂ ಇದ್ದ ಹಾಗೇ ಕಾಣುತ್ತದೆ. ಆದರೆ ಅಪಾಯ ಇರುವುದು ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಿಂದಲೂ ಅಳಿಸುವ 'ಡಿಲೀಟ್' ಆಯ್ಕೆಯಲ್ಲಿ. ಕರೆಂಟ್ ಹೋಗಿ ಬಂದಾಗ ಮೂಲ ಡಿಸ್ಕ್ ಮೌಂಟ್ ಆಗದೆ (ತನ್ನ ಫೋಲ್ಡರ್‌ಗೆ ಜೋಡಣೆಯಾಗದೆ) ಉಳಿದರೆ ಆರ್‌ಸಿಂಕ್‌ಗೆ ಕಾಣುವುದು ಖಾಲಿ ಫೋಲ್ಡರ್. ಅದು ಬ್ಯಾಕಪ್ಪನ್ನೂ ಅಷ್ಟೇ ಖಾಲಿ ಮಾಡಿಡುತ್ತದೆ. ಉಲ್ಟಾ ಆದರೆ, ಎಂದರೆ ಬ್ಯಾಕಪ್ ಡಿಸ್ಕ್ ಮೌಂಟ್ ಆಗದಿದ್ದರೆ, 1.5 ಟಿಬಿಯನ್ನೂ ಸಿಸ್ಟಮ್ ಡಿಸ್ಕ್‌ಗೆ ಸುರಿಯಲು ಹೊರಟು ಅದನ್ನು ತುಂಬಿಸಿ ನಿಲ್ಲಿಸುತ್ತದೆ. ಆರ್‌ಸಿಂಕ್ ಬಿಡಲಾರೆ ಎನ್ನುವವರು ಮೂರು ಕೆಲಸ ಮಾಡಿ. ಒಂದು, ಡಿಸ್ಕ್ ಮೌಂಟ್ ಆಗಿಲ್ಲದಾಗ ಆ ಖಾಲಿ ಫೋಲ್ಡರ್ ಮೇಲೆ 'ಚ್ಯಾಟರ್' ಆದೇಶದಿಂದ ಇಮ್ಯುಟಬಲ್ (ಬದಲಿಸಲಾಗದ) ಗುರುತು ಹಾಕಿ. ಆಮೇಲೆ ಅದರೊಳಗೆ ಯಾರೂ ಬರೆಯಲಾಗದು. ಎರಡು, ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ 'ಮೌಂಟ್‌ಪಾಯಿಂಟ್' ಆದೇಶದಿಂದ ಎರಡೂ ಬದಿ ಪರೀಕ್ಷಿಸಿ, ಒಂದು ಇಲ್ಲದಿದ್ದರೂ ನಿಲ್ಲಿಸಿ. ಮೂರು, ಒಂದು ಸಲಕ್ಕೆ ಎಷ್ಟು ಅಳಿಸಬಹುದು ಎಂಬ 'ಮ್ಯಾಕ್ಸ್ ಡಿಲೀಟ್' ಮಿತಿಯನ್ನು 500 ಅಂತ ಇಡಿ. ಹಳೆಯ ಪ್ರತಿಗಳು ಬೇಕಾದರೆ 'ಲಿಂಕ್ ಡೆಸ್ಟ್' ಇದೆ. ಆದರೆ ಅದಕ್ಕೆ ಹಾರ್ಡ್‌ಲಿಂಕ್ (ಒಂದೇ ಕಡತಕ್ಕೆ ಎರಡು ಹೆಸರು) ಬೇಕು, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನ ಡಿಸ್ಕ್‌ನಲ್ಲಿ ಅದಿಲ್ಲ. ಲಿನಕ್ಸ್‌ನ ಎಕ್ಸ್ಟ್4 ಫಾರ್ಮ್ಯಾಟ್ ಮಾಡಿದರೆ ಮನೆಯವರ ವಿಂಡೋಸ್ ಲ್ಯಾಪ್‌ಟಾಪ್‌ಗೆ ನೇರವಾಗಿ ಕಾಣುವುದಿಲ್ಲ. 'ಯಾರು ಬೇಕಾದರೂ ಚುಚ್ಚಿ ನೋಡಬಹುದು' ಎಂಬ ಲಾಭ ಅಲ್ಲಿಗೆ ಅರ್ಧವಾಯಿತು.

ಝಡ್‌ಎಫ್‌ಎಸ್ ಸೆಂಡ್, ರಿಸೀವ್ ಅಂದವಾದ ವ್ಯವಸ್ಥೆ. ಸ್ನ್ಯಾಪ್‌ಶಾಟ್‌ಗಳ (ಒಂದೊಂದು ಕ್ಷಣದ ಸ್ಥಿತಿಯ ಪ್ರತಿಗಳ) ನಡುವಿನ ವ್ಯತ್ಯಾಸ ಮಾತ್ರ ಹೋಗುತ್ತದೆ; ಲಕ್ಷಗಟ್ಟಲೆ ಕಡತಗಳನ್ನು ಒಂದೊಂದಾಗಿ ತಡವಿ ನೋಡುವ ಕೆಲಸವೇ ಇಲ್ಲ, ಹಾಗಾಗಿ ವೇಗದಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಎರಡೂ ಬದಿ ಝಡ್‌ಎಫ್‌ಎಸ್ ಬೇಕು, ಎರಡೂ ಬದಿ ಕನಿಷ್ಠ ಒಂದು ಸ್ನ್ಯಾಪ್‌ಶಾಟ್ ಸಮಾನವಾಗಿರಬೇಕು. ಸ್ಥಳ ಸಾಲದೆ ಹಳೆಯ ಸ್ನ್ಯಾಪ್‌ಶಾಟ್ ಅಳಿಸುವಾಗ ಆ ಒಂದು ಹೋಯಿತೆಂದರೆ ಪೂರ್ತಿ 1.5 ಟಿಬಿ ಮತ್ತೆ ಮೊದಲಿನಿಂದ. ಬೇರೆ ಮನೆಯಿಂದ ಎರಡು ತಿಂಗಳಿಗೊಮ್ಮೆ ಬರುವ ಡಿಸ್ಕ್‌ನ ವಿಷಯದಲ್ಲಿ ಇದು ಸುಲಭವಾಗಿ ಆಗುವ ಎಡವಟ್ಟು. ಕೊನೆಯದಾಗಿ ಕಳಿಸಿದ ಸ್ನ್ಯಾಪ್‌ಶಾಟ್‌ಗೆ 'ಹೋಲ್ಡ್' (ಅಳಿಸದಂತೆ ತಡೆ) ಹಾಕಿಟ್ಟರೆ ತಪ್ಪುತ್ತದೆ. ಎರಡು ಸರ್ವರ್ ಇರುವವರಿಗೆ ಇದೇ ಸರಿ.

ಇನ್ನು ಆರ್‌ಕ್ಲೋನ್. ಬೇರೆ ಊರಿನ ಮನೆಯಲ್ಲಿರುವ ಇನ್ನೊಂದು ಪೆಟ್ಟಿಗೆಗೆ ಎಸ್‌ಎಫ್‌ಟಿಪಿ (ನೆಟ್‌ವರ್ಕ್ ಮೇಲೆ ಕಡತ ಕಳಿಸುವ ಸುರಕ್ಷಿತ ವಿಧಾನ) ಮೂಲಕ, ಆರ್‌ಕ್ಲೋನ್‌ನದೇ 'ಕ್ರಿಪ್ಟ್' ಎಂಬ ಗೂಢಲಿಪಿ ಪದರ ಹಾಕಿ ಕಳಿಸುವುದು. ನಲವತ್ತಕ್ಕೂ ಹೆಚ್ಚು ಬಗೆಯ ಕ್ಲೌಡ್‌ಗೆ ಒಂದೇ ಸಾಧನ ಸಾಕು, ನಿಜ. ಆದರೆ ಕಡತಗಳಿಗೆ ಕನ್ನಡದಲ್ಲಿ ಹೆಸರಿಡುವವರಿಗೆ ಇಲ್ಲೊಂದು ತೊಡಕಿದೆ, ಅದನ್ನು ಬಿಡಿಸಿಯೇ ಹೇಳಬೇಕು.

ಲಿನಕ್ಸ್‌ನ ಎಕ್ಸ್ಟ್4 ಕಡತದ ಒಂದು ಹೆಸರಿಗೆ 255 ಬೈಟ್ ಕೊಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಆದ್ದರಿಂದ ಇಂಗ್ಲಿಷ್‌ನಲ್ಲಿ ಹೆಸರಿಡುವವರಿಗೆ 255 ಎಂದರೆ ಮುಗಿಯದ ಜಾಗ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್, ಅದೂ ನಮ್ಮ ಕಣ್ಣಿಗೆ ಕಾಣುವ ಅಕ್ಷರಕ್ಕಲ್ಲ. 'ಜ್ಜಿ' ಎಂಬ ಒಂದು ಅಕ್ಷರದಲ್ಲಿ ಜ, ವಿರಾಮ (ಅರ್ಧಾಕ್ಷರದ ಗುರುತು), ಜ, ಗುಡಿಸು ಸೇರಿ ನಾಲ್ಕು ಚಿಹ್ನೆ, 12 ಬೈಟ್. 'ಸರ್ವರ್‌ಗೆ' ಎಂಬಂಥ ಪದದ ನಡುವೆ ಒತ್ತಕ್ಷರ ತಡೆಯಲು ಹಾಕುವ, ಕಣ್ಣಿಗೇ ಕಾಣದ ಗುರುತಿಗೂ 3 ಬೈಟ್. ಅಲ್ಲಿಗೆ 255 ಬೈಟ್ ಎಂದರೆ 85 ಚಿಹ್ನೆ.

ಕ್ರಿಪ್ಟ್ ಹೆಸರನ್ನೂ ಗೂಢಲಿಪಿ ಮಾಡುತ್ತದೆ. ಮೊದಲು ಹೆಸರನ್ನು 16 ಬೈಟ್‌ಗಳ ಗುಣಕಕ್ಕೆ ಹಿಗ್ಗಿಸಿ, ಆಮೇಲೆ ಬೇಸ್32 ಎಂಬ ಎನ್‌ಕೋಡಿಂಗ್‌ನಲ್ಲಿ (ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿಸುವ ಪದ್ಧತಿ) ಬರೆಯುತ್ತದೆ. ಅಲ್ಲಿ ಪ್ರತಿ 5 ಬೈಟ್‌ಗೆ 8 ಅಕ್ಷರ. 143 ಬೈಟ್‌ನ ಹೆಸರು 144 ಆಗಿ, ಬೇಸ್32ರಲ್ಲಿ 231 ಆಗುತ್ತದೆ, ಹಿಡಿಸುತ್ತದೆ. ಒಂದೇ ಒಂದು ಬೈಟ್ ಹೆಚ್ಚಾಗಿ 144 ಆದರೆ ಹಿಗ್ಗಿ 160, ಅದರಿಂದ 256. ಮಿತಿ 255! ಕನ್ನಡದ ಲೆಕ್ಕದಲ್ಲಿ 143 ಬೈಟ್ ಎಂದರೆ 47 ಚಿಹ್ನೆ. 'ಅಜ್ಜಿ ಎಂಬತ್ತನೇ ಹುಟ್ಟುಹಬ್ಬ ಶಿವಮೊಗ್ಗ ಮನೆ ಮಧ್ಯಾಹ್ನದ ಊಟ' ಎಂಬ ವಿಡಿಯೊ ತೆಗೆದುಕೊಳ್ಳಿ. 45 ಚಿಹ್ನೆಗೆ 135, ಆರು ಖಾಲಿ ಜಾಗಕ್ಕೆ 6, ಚುಕ್ಕಿ ಸೇರಿ ಎಂಪಿ4 ಬಾಲಕ್ಕೆ 4. ಒಟ್ಟು 145. ಹೋಗುವುದಿಲ್ಲ.

ಹೋಗದಿದ್ದರೆ ಒಂದು ಕಡತ ತಾನೇ ಎನ್ನುವಂತಿಲ್ಲ. ಒಂದು ತಪ್ಪು ಎದುರಾದರೂ ಆರ್‌ಕ್ಲೋನ್ ಇಡೀ ಸಿಂಕ್ ಅನ್ನು ಮತ್ತೆ ಓಡಿಸುತ್ತದೆ, ಒಟ್ಟು 3 ಬಾರಿ. ತಪ್ಪು ಉಳಿದಿರುವಷ್ಟು ಕಾಲ ಆ ಬದಿಯಲ್ಲಿ ಏನನ್ನೂ ಅಳಿಸುವುದಿಲ್ಲ. ಅದು ಸುರಕ್ಷತೆಗೆ ಒಳ್ಳೆಯದೇ, ಆದರೆ ಇಲ್ಲಿ ತೆಗೆದುಹಾಕಿದ ಕಡತಗಳೆಲ್ಲ ಅಲ್ಲಿ ಪೇರುತ್ತಾ ಹೋಗಿ ಜಾಗ ತುಂಬುತ್ತದೆ. ತಾನಾಗಿ ಓಡಲಿ ಎಂದು ಕ್ರಾನ್‌ಗೆ ಹಾಕಿ ಲಾಗ್ ನೋಡದೆ ಬಿಟ್ಟವರಿಗೆ ಗೊತ್ತಾಗುವುದು ಆ ಪೆಟ್ಟಿಗೆ ತುಂಬಿದ ದಿನ.

ಪರಿಹಾರ ಇಲ್ಲವೆಂದಲ್ಲ. ಹೆಸರಿನ ಎನ್‌ಕೋಡಿಂಗ್ ಅನ್ನು ಬೇಸ್64ಕ್ಕೆ ಬದಲಿಸಿದರೆ 175 ಬೈಟ್ ತನಕ ಹಿಡಿಸುತ್ತದೆ. ಆದರೆ ಬೇಸ್64ರಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆಬೇರೆ, ಆ ವ್ಯತ್ಯಾಸ ನೋಡದ ಸ್ಟೋರೇಜ್‌ಗೆ ಆಗಿಬರದು. ಮೊದಲೇ ಕಳಿಸಿದ್ದರ ಹೆಸರುಗಳೂ ಹೊಸ ಎನ್‌ಕೋಡಿಂಗ್‌ನಲ್ಲಿ ಓದಲು ಬರುವುದಿಲ್ಲ, ಹಾಗಾಗಿ ಮರಳಿ ಕಳಿಸಬೇಕು. 40 ಎಂಬಿಪಿಎಸ್ ಅಪ್‌ಲೋಡ್ ಎಂದರೆ ಸೆಕೆಂಡಿಗೆ 5 ಎಂಬಿ, 1.5 ಟಿಬಿಗೆ 83 ಗಂಟೆ, ಮೂರೂವರೆ ದಿನ, ಅದೂ ಲೈನ್ ಕಡಿಯದಿದ್ದರೆ. ಅಂದಹಾಗೆ ಸಿನಾಲಜಿ ಕಂಪನಿಯ ಸ್ಟೋರೇಜ್ ಪೆಟ್ಟಿಗೆಗಳ ಎನ್‌ಕ್ರಿಪ್ಟೆಡ್ ಶೇರ್ಡ್ ಫೋಲ್ಡರ್‌ಗೂ ಇದೇ 143ರ ಮಿತಿ ಇದೆ. ಯಾವ ದಾರಿ ಹಿಡಿದರೂ ಮೊದಲು ಉದ್ದ ಹೆಸರುಗಳ ಪಟ್ಟಿ ತೆಗೆಯಿರಿ: 'ಫೈಂಡ್' ಆದೇಶದಿಂದ ಬರೀ ಹೆಸರು ಮುದ್ರಿಸಿ, 'ಆಕ್' ಆದೇಶದಲ್ಲಿ 143 ಮೀರಿದ್ದನ್ನು ಸೋಸಿ. ಲೊಕೇಲ್ (ಭಾಷೆಯ ಸೆಟ್ಟಿಂಗ್) ಅನ್ನು 'ಸಿ' ಎಂದಿಡಲು ಮರೆಯಬೇಡಿ, ಇಲ್ಲವಾದರೆ ಅದು ಬೈಟ್ ಬಿಟ್ಟು ಚಿಹ್ನೆ ಎಣಿಸಿ ಎಲ್ಲವೂ ಸರಿಯಿದೆ ಎನ್ನಬಹುದು.

ರೆಸ್ಟಿಕ್‌ನಲ್ಲಿ ಈ ತೊಡಕು ಹುಟ್ಟುವುದೇ ಇಲ್ಲ. ಅದು ಕಡತಗಳನ್ನು ತುಂಡು ಮಾಡಿ, ಹಲವು ತುಂಡುಗಳನ್ನು ಒಂದು ಮೂಟೆಗೆ ಕಟ್ಟಿ, ಗೂಢಲಿಪಿ ಮಾಡಿ ಇಡುತ್ತದೆ. ಮೂಟೆಯ ಹೆಸರು ಯಾವಾಗಲೂ 64 ಅಕ್ಷರದ ಹ್ಯಾಶ್ (ಒಳಗಿನ ದತ್ತಾಂಶದಿಂದ ಲೆಕ್ಕ ಹಾಕಿದ ಗುರುತು). ನಿಮ್ಮ ಕಡತದ ಹೆಸರು ಮೂಟೆಯ ಒಳಗೆ ಇರುತ್ತದೆ, ಎಷ್ಟೇ ಉದ್ದವಿರಲಿ. ಬ್ಯಾಕಪ್ ಡಿಸ್ಕ್ ಮೌಂಟ್ ಆಗದಿದ್ದರೆ 'ರೆಪೊಸಿಟರಿ (ಬ್ಯಾಕಪ್ ಭಂಡಾರ) ಇಲ್ಲ' ಎಂದು ನಿಲ್ಲುತ್ತದೆ. ಮೂಲ ಡಿಸ್ಕ್ ಖಾಲಿ ಕಂಡರೆ ಖಾಲಿ ಸ್ನ್ಯಾಪ್‌ಶಾಟ್ ಒಂದು ಸೇರುತ್ತದೆ ಅಷ್ಟೆ, ನಿನ್ನೆಯದು ನಿನ್ನೆಯ ಜಾಗದಲ್ಲೇ ಇರುತ್ತದೆ. ಫೋಲ್ಡರ್ ಹೆಸರು ಬದಲಿಸಿ 200 ಜಿಬಿ ಫೋಟೊ ಸರಿಸಿದರೆ ಆರ್‌ಸಿಂಕ್ 200 ಜಿಬಿಯನ್ನೂ ಮತ್ತೆ ನಕಲು ಮಾಡುತ್ತದೆ. ರೆಸ್ಟಿಕ್ ಓದಿ ನೋಡಿ, ತುಂಡುಗಳು ಅವೇ ಎಂದು ಗುರುತಿಸಿ, ಹೊಸದಾಗಿ ಬರೆಯುವುದು ಅತ್ಯಲ್ಪ. 2022ರ 0.14 ಆವೃತ್ತಿಯಿಂದ ಕಂಪ್ರೆಷನ್ ಕೂಡ ಇದೆ. ಬೋರ್ಗ್ ಎಂಬ ಇನ್ನೊಂದು ಸಾಧನ ಇದರ ಸೋದರನಂತೆಯೇ, ಆದರೆ ದೂರದ ಬದಿಯಲ್ಲೂ ಅದನ್ನು ಹಾಕಿರಬೇಕು. ರೆಸ್ಟಿಕ್‌ಗೆ ಬರೀ ಎಸ್‌ಎಫ್‌ಟಿಪಿ ಸಾಕು.

ಕೊರತೆಗಳೂ ಇವೆ. ನಡುವೆ ಕರೆಂಟ್ ಹೋದರೆ ರೆಪೊಸಿಟರಿಗೆ ರೆಸ್ಟಿಕ್ ಹಾಕಿದ ಬೀಗ ಉಳಿದು, ಆಮೇಲೆ ಕೆಲವು ಕೆಲಸ ನಿಲ್ಲುತ್ತವೆ. ಬೇರೆ ರೆಸ್ಟಿಕ್ ಓಡುತ್ತಿಲ್ಲವೆಂದು ಖಚಿತ ಮಾಡಿಕೊಂಡು 'ಅನ್‌ಲಾಕ್' ಕೊಡಿ. ಪಾಸ್‌ವರ್ಡ್ ಕಳೆದರೆ ದತ್ತಾಂಶ ಹೋಯಿತೆಂದೇ ಲೆಕ್ಕ, ಯಾರೂ ತೆಗೆದುಕೊಡಲಾರರು. ಅದನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಮನೆ ಪತ್ರಗಳ ಜೊತೆ ಇಡಿ, 'ಕೀ ಆಡ್' ಮಾಡಿ ಮನೆಯ ಇನ್ನೊಬ್ಬರಿಗೂ ಬೇರೆ ಪಾಸ್‌ವರ್ಡ್ ಕೊಡಿ. ಡೇಟಾಬೇಸ್ ಇರುವ ಆ್ಯಪ್ ಇದ್ದರೆ ಬ್ಯಾಕಪ್‌ಗೆ ಮೊದಲು ಅದರ ಡಂಪ್ (ದತ್ತಾಂಶದ ಪೂರ್ತಿ ರಫ್ತು) ತೆಗೆಯಿರಿ. ಓಡುತ್ತಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಡತಗಳನ್ನು ಹಾಗೇ ನಕಲು ಮಾಡಿದರೆ ನಂಬುವಂತಿಲ್ಲ. ಇದು ನಾಲ್ಕೂ ದಾರಿಗೆ ಅನ್ವಯ.

ತಿಂಗಳ ಬಾಡಿಗೆ ಕಟ್ಟಿ ಕ್ಲೌಡ್ ಇಡುವುದು ನನ್ನ ಬಜೆಟ್ಟಿಗೆ ಹೊಂದುವುದಿಲ್ಲ, ಒಮ್ಮೆ ಕೊಂಡ ಎರಡು ಡಿಸ್ಕ್ ವಾಸಿ. ಡಿಸ್ಕ್ ಅನ್ನು ಯುಎಸ್‌ಬಿ 3 ಪೋರ್ಟ್‌ಗೇ ಹಾಕಿ: ಸೆಕೆಂಡಿಗೆ 100 ಎಂಬಿ ಸಿಕ್ಕರೆ ಮೊದಲ ಪ್ರತಿ ನಾಲ್ಕು ಗಂಟೆ ಚಿಲ್ಲರೆ. ಯುಎಸ್‌ಬಿ 2ರಲ್ಲಿ 35 ಎಂಬಿ ಬಂದರೆ ಹೆಚ್ಚು, ಅಲ್ಲಿ 12 ಗಂಟೆ. ರಾತ್ರಿ 2ಕ್ಕೆ ಬ್ಯಾಕಪ್, ಭಾನುವಾರ 'ಫರ್ಗೆಟ್' ಮತ್ತು 'ಪ್ರೂನ್' (ಹಳೆಯ ಸ್ನ್ಯಾಪ್‌ಶಾಟ್ ಕೈಬಿಟ್ಟು, ಬೇಡವಾದ ತುಂಡುಗಳನ್ನು ಅಳಿಸುವುದು): ದಿನದ್ದು 7, ವಾರದ್ದು 5, ತಿಂಗಳದ್ದು 12 ಉಳಿಸಿ. ತಿಂಗಳಿಗೊಮ್ಮೆ 'ಚೆಕ್' ಆದೇಶಕ್ಕೆ 1/12, ಮುಂದಿನ ತಿಂಗಳು 2/12 ಎಂದು ಭಾಗ ಕೊಟ್ಟರೆ ವರ್ಷದೊಳಗೆ ಇಡೀ ಡಿಸ್ಕ್ ಓದಿ ನೋಡಿದಂತಾಗುತ್ತದೆ. ಅದೇ ದಿನ ಒಂದು ಫೋಲ್ಡರನ್ನು ಬೇರೆ ಜಾಗಕ್ಕೆ 'ರಿಸ್ಟೋರ್' ಮಾಡಿ, ಎರಡು ಫೋಟೊ, ಒಂದು ಪಹಣಿ ತೆರೆದು ನೋಡಿ. ಡಿಸ್ಕ್‌ಗಳ ಮೇಲೆ 'ಅ', 'ಆ' ಎಂದು ಚೀಟಿ ಅಂಟಿಸಿ. ಊರಿಗೆ ಹೋಗುವಾಗ 'ಅ' ಒಯ್ದು, ಬರುವಾಗ 'ಆ' ತನ್ನಿ. ಸರ್ವರ್‌ಗೆ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಹೊಕ್ಕರೆ ಚುಚ್ಚಿಕೊಂಡಿರುವ ಡಿಸ್ಕ್‌ ಕೂಡ ಕೈಬಿಡುತ್ತದೆ, ಊರಿನ ಬೀರುವಿನಲ್ಲಿರುವುದನ್ನು ಅದು ಮುಟ್ಟಲಾರದು.